ಎಂಟನೆಯ ದಿಕ್ಕಿನವರು

ಯಮನ ಹೆಸರು ಹೇಳುವುದಕ್ಕೆ ಅಮೃತವ್ವನಿಗೆ ಏನೂ ತ್ರಾಸಿರಲಿಲ್ಲ. ಮುಂಜಾನೆ ರೊಟ್ಟಿ ಬಡಿಯುತ್ತ ಹೇಳಿದ್ದಳು, ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತ ಹೇಳಿದ್ದಳು, ಉಬ್ಬಿದ ರೊಟ್ಟಿಯನ್ನು ಬುಟ್ಟಿಗೆ ಒಗೆಯುತ್ತ ಮತ್ತೊಮ್ಮೆ ಹೇಳಿದ್ದಳು. ಪೂರ್ವಕ್ಕೆ ಇಂದ್ರ, ಆಗ್ನೇಯಕ್ಕೆ ಅಗ್ನಿ, ದಕ್ಷಿಣಕ್ಕೆ ಯಮ, ನೈಋತ್ಯಕ್ಕೆ ನಿಋತಿ, ಪಶ್ಚಿಮಕ್ಕೆ ವರುಣ, ವಾಯವ್ಯಕ್ಕೆ ವಾಯು. ನಿಋತಿಯಂಥ ನಾಲಿಗೆ ಹೊರಳದ ಹೆಸರು ಕೂಡ ಬೆಣ್ಣೆ ಸವರಿದಂತೆ ಜಾರಿ ಬರುತ್ತಿತ್ತು. ಅಲ್ಲಿಗೆ ಬಾಯಿ ನಿಲ್ಲುತ್ತಿತ್ತು. ಉತ್ತರ ದಿಕ್ಕನ್ನು ಕಾಯುವ ದೇವರು ಕುಬೇರ. ಅಮೃತವ್ವನ ಗಂಡನ ಹೆಸರು ಕುಬೇರಪ್ಪ. ಈ ಹೆಸರನ್ನು ಕತೆ ಹೇಳುವವರು ಹೇಳಬಹುದು, ಬೆಟಗೇರಿಯ ಓಣಿಯೆಲ್ಲ ಹೇಳಬಹುದು, ರೇಷನ್ ಅಂಗಡಿಯವನು ಬೀದಿಗೆ ಕೇಳುವಂತೆ ಒದರಬಹುದು. ಅಮೃತವ್ವ ಮಾತ್ರ ಹೇಳುವಂತಿಲ್ಲ. ಹೆಂಡತಿಯ ಬಾಯಿಂದ ಹೆಸರು ಬಂದರೆ ಗಂಡನ ಆಯುಷ್ಯ ಸವೆಯುತ್ತದೆ ಎಂದು ಯಾವಳೋ ಯಾವ ಕಾಲದಲ್ಲೋ ಹೇಳಿ ಸತ್ತುಹೋಗಿದ್ದಾಳೆ. ಹೆಸರು ಹೇಳಿಸಿಕೊಳ್ಳದೇ ಬದುಕಿದ ಅವಳ ಗಂಡ ಎಷ್ಟು ವರ್ಷ ಬಾಳಿದ ಎಂದು ಯಾರೂ ಹೋಗಿ ಕೇಳಿಲ್ಲ.

"ಯಾರನ್ನ ಕರಿಯಾಕತ್ತೀ?" ಎಂದಳು ಅತ್ತೆ ಮುದುಕವ್ವ, ಪಡಸಾಲೆಯಲ್ಲಿ ಕಾಲು ಚಾಚಿ ಕುಂತಲ್ಲಿಂದ.

"ಯಾರನ್ನೂ ಇಲ್ರಿ ಅತ್ತೀ. ಕಾಲೇಜಿನ ಪಾಠ."

"ಮುಂಜಾನಿಂದ ಯಮನ್ನ ಕರದ ಕರಿಯಾಕತ್ತಿ. ಈ ಮನ್ಯಾಗ ಅಂವ ಬಂದ್ರ ಮೊದಲ ಯಾರ ಮಾರಿ ನೋಡತಾನ ಅನ್ನೂದು ನಿನಗೂ ಗೊತ್ತೈತಿ, ನನಗೂ ಗೊತ್ತೈತಿ."

"ಬಂದ್ರ ಚಾ ಕುಡಿಸಿ ಕಳಸೂಣ್ರಿ."

"ಸಕ್ಕರಿ ಜಾಸ್ತಿ ಹಾಕು. ಅಂವಗೂ ಸಕ್ಕರಿ ಬ್ಯಾನಿ ಹತ್ತಲಿ, ನನ್ನಂಗ."

ಮುದುಕವ್ವನ ನಗು ಒಳಮನೆಯ ಮಗ್ಗದ ಸದ್ದಿನಲ್ಲಿ ಕಲೆತುಹೋಯಿತು. ಕುಬೇರಪ್ಪ ಅವಳನ್ನು ಕಾಲೇಜಿಗೆ ಬಿಡಲು ಹೊರಡುವ ಮೊದಲು ಸೀರೆಯ ಸೆರಗಿನ ಕಡೆ ನಾಲ್ಕು ಬೆರಳು ನೇಯ್ದು ಏಳುತ್ತೇನೆ ಎಂದು ಕುಂತಿದ್ದ. ನಗುವುದಕ್ಕೆ ಅಮೃತವ್ವನಿಗೂ ಬರುತ್ತಿತ್ತು, ಆದರೆ ನಗು ಅಂದರೆ ಸಾಕು ಹೋದ ಗುರುವಾರದ ನಗು ಕಿವಿಯಲ್ಲಿ ಏಳುತ್ತಿತ್ತು. ಇತಿಹಾಸ ಕಲಿಸುವ ಹೊನ್ನೇಶ ಸರ್ ಬೋರ್ಡಿನ ಮೇಲೆ ದೊಡ್ಡದೊಂದು ಚೌಕ ಬರೆದು ಅದರಲ್ಲಿ ಒಂಬತ್ತು ಮನೆ ಮಾಡಿದ್ದರು. ಇದು ಹಳೇ ಗುಡಿಯ ಚಾವಣಿ, ಒಳಗೆ ನಿಂತು ಕತ್ತೆತ್ತಿದರೆ ಕಾಣುವ ಕಲ್ಲು. ನಡುವಿನ ಮನೆಯಲ್ಲಿ ಶಿವ ಕುಣಿಯುತ್ತಾನೆ, ಸುತ್ತಲಿನ ಎಂಟು ಮನೆಯಲ್ಲಿ ಎಂಟು ದಿಕ್ಕನ್ನು ಕಾಯುವವರು ಕುಂತಿರುತ್ತಾರೆ. ಒಬ್ಬೊಬ್ಬರೇ ಬೋರ್ಡಿನ ಮುಂದಿನ ಕಟ್ಟೆ ಹತ್ತಿ, ಕೋಲಿನಿಂದ ದಿಕ್ಕು ತೋರಿಸಿ ಹೆಸರು ಹೇಳಿ ಇಳಿಯಬೇಕು, ಇಂಟರ್ನಲ್ ಮಾರ್ಕ್ಸ್ ಇದಕ್ಕೇ. ಮೀಸೆ ಮೂಡದ ಹುಡುಗರು ಮೊಬೈಲ್ ಕಿಸೆಯಲ್ಲಿಟ್ಟು ಎದ್ದುಹೋಗಿ ಎಂಟನ್ನೂ ಒದರಿ ಬಂದರು. ಎರಡು ರಾತ್ರಿ ಬಾಯಿಪಾಠ ಮಾಡಿದ ಅಮೃತವ್ವನೂ ಸೆರಗು ಸರಿಮಾಡಿಕೊಂಡು ಹತ್ತಿದಳು. ಬಾಯಿಪಾಠ ಮಾಡುವಾಗ ಆ ಒಂದು ಹೆಸರನ್ನು ಕಣ್ಣಿನಿಂದಲೇ ಓದಿ ದಾಟಿಸಿದ್ದು ಅವಳ ಲಕ್ಷ್ಯಕ್ಕೇ ಬಂದಿರಲಿಲ್ಲ, ಅಷ್ಟು ಹಳೇ ರೂಢಿ ಅದು. ವಾಯುವಿನ ತನಕ ಗಾಳಿಯಂತೆ ಹೋದವಳ ಕೋಲು ಉತ್ತರದ ಮನೆಯ ಮೇಲೆ ನಿಂತೇ ನಿಂತಿತು.

"ಹೂಂ, ಉತ್ತರಕ್ಕ ಯಾರ್ರಿ?" ಎಂದಿದ್ದರು ಹೊನ್ನೇಶ ಸರ್.

"ಗೊತ್ತೈತ್ರಿ ಸರ್."

"ಗೊತ್ತಿದ್ರ ಹೇಳ್ರಿ."

"ಗೊತ್ತೈತ್ರಿ."

ಹಿಂದಿನ ಬೆಂಚಿನಿಂದ ತಾರೀಖ ಎಂಬ ಹುಡುಗ, "ಆಂಟೀ, ಉತ್ತರದ ಬಾಗಲಾ ಹಾಕೇತೇನ್ರಿ?" ಎಂದ. ಅಮೃತವ್ವನಿಗೆ ಏನು ಹೇಳುತ್ತಿದ್ದೇನೆ ಎಂಬ ಖಬರಿಲ್ಲದೆ, "ಅವರು ನಮ್ಮನ್ಯಾಗ ಅದಾರ್ರಿ ಸರ್" ಎಂಬ ಮಾತು ಬಂದುಬಿಟ್ಟಿತು. ಕ್ಲಾಸು ಬೆಂಚು ಬಡಿದು ನಕ್ಕಿತು. ಸರ್ ಕೂಡ ನಕ್ಕರು. "ಸಂಪತ್ತಿನ ದೇವರು ನಿಮ್ಮನ್ಯಾಗ ಅದಾರಂದ್ರ ನಮ್ಮಂತಾ ಬಡವರ ಕಡೆ ಯಾಕ ಬಂದ್ರಿ? ಮನಿಗೆ ಹೋಗಿ ಅವರನ್ನ ಕರ್ಕೊಂಡ ಬರ್ರಿ. ಬರೂ ಗುರುವಾರ ಕಡೀ ಸಲ. ಅವತ್ತೂ ಬಾಯಿ ಬಿಡಲಿಲ್ಲಂದ್ರ ಸೊನ್ನಿ." ಸರ್ ಕೆಟ್ಟವರಲ್ಲ. ವಯಸ್ಸಿನಲ್ಲಿ ಅವಳ ತಮ್ಮನಷ್ಟಿರಬಹುದು, ಮಾತಿಗೆ ಮಾತಿಗೆ ರೀ ಹಚ್ಚುತ್ತಿದ್ದರು. ಆದರೆ ರೀ ಹಚ್ಚಿ ಮಾಡಿದ ಚೇಷ್ಟೆ ರೀ ಇಲ್ಲದ್ದಕ್ಕಿಂತ ಹೆಚ್ಚು ಚುಚ್ಚುತ್ತದೆ ಎಂದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ.

ಸರ್, ಅದು ನಮ್ಮ ಯಜಮಾನರ ಹೆಸರು, ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಷ್ಟನ್ನೇ ಹೇಳುವುದಕ್ಕೆ ಅವಳಿಗೆ ಮನಸ್ಸಿರಲಿಲ್ಲ. ಹೇಳಿದರೆ ಸರ್ ಕನಿಕರದಿಂದ "ಹೌದೇನ್ರಿ, ಹಂಗಾರ ಬಿಡ್ರಿ" ಅನ್ನುತ್ತಾರೆ, ಏಳಕ್ಕೇ ಪೂರ್ತಿ ಮಾರ್ಕ್ಸ್ ಕೊಡುತ್ತಾರೆ, ಹುಡುಗಿಯರು ಅಯ್ಯೋ ಪಾಪ ಎಂದು ತಿರುಗಿ ನೋಡುತ್ತಾರೆ. ಆ ಬಿಡು ಎಂಬ ಮಾತು ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. ಹತ್ತನೇ ಕ್ಲಾಸು ಪಾಸಾದಾಗ ಹಿರೇಹಂದಿಗೋಳದ ತವರುಮನೆಯಲ್ಲಿ ಬಿಡು ಅಂದರು, ಕೊಟ್ಟ ಮನೆಯಲ್ಲಿ ಮಗ್ಗದ ಲಾಳಿಗೆ ನೂಲು ಸುತ್ತುವವರು ಬೇಕಾಗಿತ್ತು, ಬಿಡು ಅಂದರು. ಮಗಳನ್ನು ಕೊಟ್ಟು ಕಳಿಸಿದ ಮೇಲೆ ಹೊರಗಿನಿಂದ ಪಿಯುಸಿ ಕಟ್ಟಿ ಪಾಸು ಮಾಡಿ, ನಲವತ್ನಾಲ್ಕನೇ ವಯಸ್ಸಿಗೆ ಬಿ.ಎ. ಸೇರುತ್ತೇನೆ ಎಂದಾಗ ಓಣಿ ಮಂದಿ ಇನ್ನೇನು ಬಿಡು ಎಂದರು. ಬಿಡದೇ ಹಿಡಿದದ್ದು ಇದೊಂದೇ, ಅದನ್ನೂ ಕನಿಕರ ಪಟ್ಟು ದಾಟಿಸಿಬಿಟ್ಟರೆ ಹಿಡಿದದ್ದಕ್ಕೆ ಏನು ಅರ್ಥ? ಇವತ್ತೇ ಆ ಗುರುವಾರ. ಹೇಳಿದರೆ ಎಂಟೂ ಹೇಳುವುದು. ಇಲ್ಲಾ, ನಾಳೆಯಿಂದ ಕಾಲೇಜಿನ ಚೀಲ ಮೊಳೆಗೆ ತೂಗುಹಾಕಿ ಮಗ್ಗದ ಪಕ್ಕ ಕುಂಡ್ರುವುದು. ಇದು ಅವಳು ಅವಳಿಗೇ ಹಾಕಿಕೊಂಡ ಷರತ್ತು, ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಏನೈತಿ ಇವತ್ತ? ಮಾರಿ ಯಾಕ ಸಣ್ಣ ಮಾಡಿ?" ಎಂದು ಕುಬೇರಪ್ಪ ಸ್ಕೂಟರ್ ಚಾಲೂ ಮಾಡುತ್ತ ಕೇಳಿದ.

"ಒಂದ ಪಾಠ ಬಾಯಿಗೆ ಬರವಲ್ದ್ರಿ."

"ಯಾವ ಪಾಠ?"

"ದಿಕ್ಕಿನ ಪಾಠ."

"ಅಷ್ಟ ಹೌದಿಲ್ಲೊ. ಸೂರ್ಯ ಹುಟ್ಟೂ ಕಡೆ ಮಾರಿ ಮಾಡಿ ನಿಲ್ಲು, ಎಡಗೈ ಚಾಚು, ಅದ ಉತ್ತರ. ನಮ್ಮಪ್ಪ ನನಗ ಆರನೇ ವರ್ಷಕ್ಕ ಕಲಿಸಿದ್ದ."

"ಉತ್ತರ ಯಾವ ಕಡೆ ಐತಿ ಅಂತ ನನಗ ಗೊತ್ತೈತ್ರಿ," ಎಂದು ಅಮೃತವ್ವ ಹಿಂದೆ ಕುಂತು ಅವನ ಎಡಭುಜ ಹಿಡಿದಳು. ಬಲಭುಜಕ್ಕಿಂತ ಅದು ಒಂದು ಬೆರಳು ತಗ್ಗು. ಸ್ಕೂಟರ್ ಓಣಿ ದಾಟಿ ರೇಲ್ವೆ ಗೇಟಿನ ಕಡೆ ಹೊರಳುವಾಗ ಕೈಯಡಿಯ ಎಲುಬು ಕುಲುಕಿತು, ಕುಲುಕಿದ್ದೇ ದವಾಖಾನೆಯ ಫಿನಾಯಿಲ್ ವಾಸನೆ ಮೂಗಿಗೆ ಬಂತು. ಮೂರು ವರ್ಷದ ಹಿಂದೆ ಮುಂಡರಗಿಗೆ ಸೀರೆ ಗಂಟು ಕೊಟ್ಟು ಬರುವಾಗ ಇದೇ ಸ್ಕೂಟರ್ ಜಾರಿ ಇದೇ ಭುಜ ಮುರಿದಿತ್ತು. ಸುದ್ದಿ ಬಂದಕೂಡಲೇ ಬಾಜೂಮನೆಯ ಮಾಶಾಕ ಆಟೋದಲ್ಲಿ ಅವಳನ್ನು ದವಾಖಾನೆಗೆ ತಂದು ಇಳಿಸಿ, ಆಟೋ ನಿಲ್ಲಿಸಿ ಬರುತ್ತೇನೆಂದು ಹೋಗಿದ್ದ. ಕಂಪ್ಯೂಟರಿನ ಹಿಂದೆ ಕುಂತ ಹುಡುಗಿ ತಲೆ ಎತ್ತದೆ ಪೇಷಂಟ್ ಹೆಸರೇನು ಎಂದಳು. ನಮ್ಮ ಯಜಮಾನರು, ಎಂದಳು ಅಮೃತವ್ವ. ಅದು ಹೆಸರಲ್ರಿ, ಹೆಸರು ಹೇಳ್ರಿ. ದಾರಿಯ ಮಂದಿ ತಂದು ಬಿಟ್ಟುಹೋದ ಕುಬೇರಪ್ಪ ಬೆಂಚಿನ ಮೇಲೆ, ಮಾತಾಡಲಾಗದಷ್ಟು ನೋವಿನಲ್ಲಿ ಹಲ್ಲು ಕಚ್ಚಿ ನರಳುತ್ತಿದ್ದ, ಹಿಂದೆ ಪಾಳಿಯಲ್ಲಿ ನಿಂತವರು ಜಲ್ದಿ ಮಾಡ್ರಿ ಅನ್ನುತ್ತಿದ್ದರು. ಅಮೃತವ್ವ ದಾರಿ ಕಾಣದೆ, ರೊಕ್ಕದ ದೇವರ ಹೆಸರು ಐತ್ರಿ, ಎಂದುಬಿಟ್ಟಳು. ಹುಡುಗಿ ಟಕಟಕ ಒತ್ತಿ ಚೀಟಿ ಹರಿದುಕೊಟ್ಟಳು. ಆಮೇಲೆ ನರ್ಸುಗಳು ಹೆಂಗಸರ ವಾರ್ಡಿನ ತುಂಬ ಭುಜ ಮುರಿದ ಲಕ್ಷ್ಮಿಯನ್ನು ಹುಡುಕಿದ್ದೇ ಹುಡುಕಿದ್ದು. ನೋವಿನ ಸೂಜಿ ಲಕ್ಷ್ಮಿಯ ಹೆಸರಿನಲ್ಲಿ ಮೇಲಿನ ಮಾಳಿಗೆಯಲ್ಲಿ ಸಿದ್ಧವಾಗಿತ್ತು, ಕುಬೇರಪ್ಪ ಕೆಳಗೆ ಬೆಂಚಿನ ಮೇಲೆ ನರಳುತ್ತಲೇ ಇದ್ದ. ಮಾಶಾಕ ಒಳಗೆ ಬಂದು, "ಕುಬೇರಪ್ಪಣ್ಣನ್ನ ಇನ್ನೂ ಯಾಕ ಒಳಗ ತಗೊಂಡಿಲ್ಲ?" ಎಂದು ಒದರಿದ ಮೇಲೆಯೇ ಬಾಗಿಲು ತೆರೆದದ್ದು.

ಓಣಿಯವರು ಇವತ್ತಿಗೂ ಕುಬೇರಪ್ಪನನ್ನು ಲಕ್ಷ್ಮವ್ವಾ ಎಂದು ಕರೆಯುತ್ತಾರೆ, ಅವನೂ ಓ ಅನ್ನುತ್ತಾನೆ, ದೀಪಾವಳಿಗೆ ನನಗೂ ಒಂದು ಸೀರೆ ಉಡಿಸು ಎಂದು ಅವಳನ್ನೇ ಕಾಡುತ್ತಾನೆ. ಅವನಿಗೆ ಅದು ಮರೆತ ನೋವು, ಹೇಳಿ ನಗುವ ಕತೆ. ಅವಳಿಗಲ್ಲ. ಅವನ ಆಯುಷ್ಯಕ್ಕೆಂದು ಮುಚ್ಚಿದ ಬಾಯಿಯೇ ಅವತ್ತು ಅವನನ್ನು ನರಳಿಸಿತ್ತು, ಆ ಬಾಯಿ ತನ್ನದಾಗಿತ್ತು. ಆ ಹುಡುಗಿಯಂತೆ, ಹೆಸರು ಕೇಳುವ ಕುರ್ಚಿಯಲ್ಲಿ ಒಮ್ಮೆ ತಾನೂ ಕುಂತು ನೋಡಬೇಕು ಅನಿಸಿದ್ದು ಆ ದವಾಖಾನೆಯಲ್ಲೇ. ಕುಂತರೆ ತನ್ನಂಥವರು ಬಂದಾಗ ತಲೆ ಎತ್ತಿ ನೋಡಬೇಕು.

"ಮಧ್ಯಾಹ್ನ ಇಲ್ಲೇ ಕಬ್ಬಿನಹಾಲಿನ ಗಾಡಿ ಕಡೆ ನಿಂತಿರತೀನಿ," ಎಂದ ಕುಬೇರಪ್ಪ ಕಾಲೇಜಿನ ಎದುರು ಇಳಿಸುತ್ತ. "ಮೊನ್ನಿ ಹಂಗ ರೋಡಿನ ಆಕಡಿಂದ ಏನ್ರೀ ಅಂತ ಒದರಬ್ಯಾಡ. ನಾಕ ಮಂದಿ ಗಂಡಸರು ಓ ಅಂದ್ರು. ಒಬ್ಬಾಂವ ದಾಟಿ ಬರಾಕೂ ಹೊಂಟಿದ್ದ."

"ನೀವು ತಿರಗಿದ್ರ ನಾ ಯಾಕ ಒದರತಿದ್ದೆ?"

"ಲೋಕದಾಗಿನ ಗಂಡಸರೆಲ್ಲಾ ಏನ್ರೀನ. ನನ್ನ ಅಂತ ನನಗ ಹೆಂಗ ತಿಳೀಬೇಕ?"

ಕ್ಲಾಸಿನಲ್ಲಿ ಬಾಗಿಲಿನ ಪಕ್ಕದ ಬೆಂಚು ಅವಳದು. ಪಕ್ಕಕ್ಕೆ ಲಕ್ಷ್ಮೇಶ್ವರದಿಂದ ದಿನಾ ಬಸ್ಸಿಗೆ ಬರುವ ಆಯೇಶಾ. ಕಾಲೇಜು ಸೇರಿದ ವಾರ ಎಲ್ಲರೂ ಅಮೃತವ್ವನನ್ನು ಯಾರದೋ ತಾಯಿ ಎಂದು ತಿಳಿದು ಆಫೀಸಿನ ದಾರಿ ತೋರಿಸುತ್ತಿದ್ದಾಗ, ಇಲ್ಲಿ ಬರ್ರಿ, ಜಾಗ ಐತಿ ಎಂದು ಸರಿದು ಕುಂತವಳು ಇವಳೊಬ್ಬಳೇ. ಹೋದ ಗುರುವಾರದ ನಿಜವನ್ನು ಆಯೇಶಾ ಆವತ್ತೇ ಬಸ್ ಸ್ಟ್ಯಾಂಡಿಗೆ ನಡೆಯುತ್ತ ಅವಳ ಬಾಯಿಂದ ಬಿಡಿಸಿದ್ದಳು, ಬಿಡಿಸಿ ದಾರಿ ನಡುವೆ ನಿಂತು ನಕ್ಕಿದ್ದಳು. "ನಮ್ಮ ಅಜ್ಜಿ ಶಮಶಾದಬಿ ಅದಾಳಲ್ಲ ಅಮೃತಕ್ಕ, ಆಕೀನೂ ಹಂಗ. ನಮ್ಮಜ್ಜನ್ನ ಕರೀಬೇಕಂದ್ರ ನಮ್ಮಪ್ಪನ ಹೆಸರ ಹೇಳಿ, ಅವನಪ್ಪಾ ಅಂತ ಕರೀತಾಳ. ನಮ್ಮಪ್ಪ ಹುಟ್ಟೂಕಿಂತ ಮೊದಲ ಹೆಂಗ ಕರೀತಿದ್ದಿ ಅಂದ್ರ, ಚಪ್ಪಾಳಿ ತಟ್ಟತಿದ್ದೆ ಅಂದ್ಲು."

ಈಗ ಅವಳು ಬಗ್ಗಿ ಪಿಸುಗುಟ್ಟಿದಳು, "ನೀವು ಬೋರ್ಡ್ ಕಡೆ ಮಾರಿ ಮಾಡಿ ಬಾಯಷ್ಟ ಆಡಸ್ರಿ. ಹೆಸರ ನಾ ಇಲ್ಲಿಂದ ಹೇಳತೀನಿ. ಯಾರಿಗೂ ತಿಳಿಯಂಗಿಲ್ಲ."

"ಬ್ಯಾಡ ಆಯೇಶಾ."

"ಯಾಕ್ರಿ? ಮಾರ್ಕ್ಸಿಗೆ ಯಾರ ಬಾಯಿ ಆದ್ರೇನ?"

ಯಾಕೆಂದರೆ ಯಾವಾಗಲೂ ಬೇರೆಯವರ ಬಾಯಿಯೇ. ದವಾಖಾನೆಯಲ್ಲಿ ಮಾಶಾಕನ ಬಾಯಿ, ಅದಕ್ಕೂ ಮುಂಚೆ ಮದುವೆಯಲ್ಲಿ ನಾದಿನಿಯ ಬಾಯಿ. ಆದರೆ ಅದನ್ನು ಬಿಡಿಸಿ ಹೇಳುವಷ್ಟು ಹೊತ್ತಿರಲಿಲ್ಲ, ಹೊನ್ನೇಶ ಸರ್ ಒಳಗೆ ಬಂದು, ಚೌಕ ಬರೆದು, ಒಂಬತ್ತು ಮನೆ ಮಾಡಿ, ಕೋಲು ಟೇಬಲ್ಲಿನ ಮೇಲಿಟ್ಟು, "ಅಮೃತಾ ಅವರು ಬರ್ರಿ" ಎಂದರು. ಹಿಂದಿನ ಬೆಂಚು ಈಗಲೇ ನಗುವುದಕ್ಕೆ ಸಜ್ಜಾಗಿ ಕೆಮ್ಮಿತು.

ಕಟ್ಟೆ ಎತ್ತರವೇನಲ್ಲ, ಒಂದು ಹೊಸ್ತಿಲಷ್ಟು. ಕಾಲಿಟ್ಟ ಕೂಡಲೇ ಅದು ಹೊಸ್ತಿಲೇ ಆಯಿತು. ಹದಿನೆಂಟರ ಮದುಮಗಳು, ಕೈಯಲ್ಲಿ ಹಸಿರು ಬಳೆ, ಕಾಲ ಮುಂದೆ ಅಕ್ಕಿ ತುಂಬಿದ ಸೇರು. ಬಾಗಿಲಿಗೆ ಅಡ್ಡ ಕೈ ಚಾಚಿ ನಾದಿನಿ ನಿಂತಿದ್ದಾಳೆ, ಹೆಸರು ಹೇಳಿ ಒಳಗ ಬಾ ಅನ್ನುತ್ತಾಳೆ. ಗಂಡನ ಹೆಸರು ಹೇಳಬಾರದು ಎಂದು ಕಟ್ಟು ಹಾಕಿದವರೇ ಅದಕ್ಕೊಂದು ಕಿಂಡಿಯನ್ನೂ ಬಿಟ್ಟಿದ್ದರು. ಒಡಪು. ಎರಡು ಸಾಲು ಪ್ರಾಸ ಕಟ್ಟಿ, ಅದರ ಕೊನೆಗೆ ಹೆಸರನ್ನು ಸುತ್ತಿಕೊಟ್ಟರೆ ಆಯುಷ್ಯಕ್ಕೆ ಏನೂ ಆಗುವುದಿಲ್ಲ, ಮಂದಿಗೂ ಮೋಜು. ತಾಯಿ ಹೇಳಿಕೊಟ್ಟ ಒಡಪು ಆ ಹೊಸ್ತಿಲಲ್ಲಿ ಹಾರಿಹೋಗಿತ್ತು. ಸುತ್ತ ಹೆಂಗಸರು ನಗುತ್ತಿದ್ದರು, ಸೊಸಿ ಮೂಕಿ ಐತೇನ ನೋಡ್ರವಾ ಎಂದು ಯಾರೋ ಅಂದರು. ಆಗ ಬಾಗಿಲ ಹಿಂದಿನಿಂದ ಮುದುಕವ್ವ, ಇನ್ನೂ ಮುದುಕಿಯಾಗದ ಮುದುಕವ್ವ, ಮೆಲ್ಲಗೆ ಹೇಳಿದ್ದಳು, "ಕಲಿತದ್ದು ಮರತ್ರ ಬಿಡು. ಕಣ್ಣಿಗೆ ಏನ ಕಾಣತೈತಿ ಅದನ್ನ ಹೇಳು, ಕಡೀಕ ಅವನನ್ನ ತಂದ ಕುಂದರಿಸು. ಅಷ್ಟ ಒಡಪಂದ್ರ." ಅಷ್ಟೇ ಆಗಿದ್ದರೂ ಅವಳ ಕಣ್ಣಿಗೆ ಅವತ್ತು ಏನೂ ಕಾಣಲಿಲ್ಲ, ನೀರು ತುಂಬಿತ್ತು. ನಾದಿನಿಯೇ ಅವಳ ಪರವಾಗಿ ಹೆಸರು ಹೇಳಿ ಕೈ ತೆಗೆದಳು. ಹೇಳದೆಯೇ ಒಳಗೆ ಬಂದವಳು ತಾನು, ಇಷ್ಟು ವರ್ಷ ಆ ಮನೆಯಲ್ಲಿ ಹೇಳದೆಯೇ ಇದ್ದವಳು. ಯಾರ ಸೀಮಂತದಲ್ಲಿ ಒಡಪಿನ ಸರದಿ ಬಂದರೂ ಅಡಿಗೆಮನೆಯಲ್ಲಿ ಹಾಲು ಉಕ್ಕುತ್ತಿದೆ ಎಂದು ಓಡಿಹೋದವಳು.

"ಶುರು ಮಾಡ್ರಿ," ಎಂದರು ಸರ್.

ಅಮೃತವ್ವ ಕೋಲು ತೆಗೆದುಕೊಂಡಳು. ಇವತ್ತು ಪೂರ್ವದಿಂದ ಶುರು ಮಾಡಲಿಲ್ಲ, ಮೇಲಿನ ಮೂಲೆ ಹಿಡಿದಳು. ಈಶಾನ್ಯಕ್ಕೆ ಈಶಾನ, ಪೂರ್ವಕ್ಕೆ ಇಂದ್ರ. ಹೀಗೆ ಸುತ್ತಿ ಬಂದರೆ ಉತ್ತರ ಕೊನೆಗೆ ಉಳಿಯುತ್ತದೆ, ಅಲ್ಲಿ ತನಕ ಉಸಿರಾಡಬಹುದು. ಅವಳು ಹೇಳಿದ ಹೆಸರನ್ನು ಸರ್ ಆಯಾ ಮನೆಯಲ್ಲಿ ಬರೆಯುತ್ತ ಬಂದರು. ಅಗ್ನಿ, ಯಮ, ನಿಋತಿ. ಯಮನನ್ನು ಹೇಳುವಾಗ ಅತ್ತೆಯ ಸಕ್ಕರೆ ಚಹಾ ನೆನಪಾಗಿ ತುಟಿ ಬಿಗಿಹಿಡಿದಳು. ವರುಣ. ವಾಯು. ಕೋಲು ಉತ್ತರದ ಮನೆಯ ಮೇಲೆ ಬಂದು ನಿಂತಿತು. ಫ್ಯಾನಿನ ಕಟಕಟ ಮಗ್ಗದ ಸದ್ದಿನಂತೆಯೇ ಇತ್ತು.

ತಾರೀಖ ಬಾಯಿ ತೆರೆಯುವುದರಲ್ಲಿದ್ದ. ಅಮೃತವ್ವ ಬೋರ್ಡಿಗೆ ಬೆನ್ನು ಮಾಡಿ ಕ್ಲಾಸಿನ ಕಡೆ ತಿರುಗಿದಳು. ಕಣ್ಣು ಒಣಗಿತ್ತು. ತಿರುಗುವ ಮೊದಲು ಕಣ್ಣಿಗೆ ಏನು ಕಂಡಿತ್ತೋ ಅದು: ಚೌಕ, ತುಂಬಿದ ಏಳು ಮನೆ, ಖಾಲಿ ಒಂದು. ಮದುವೆಮನೆಯ ಹೆಂಗಸರು ಎಳೆಯುವ ಹಾಗೆ ರಾಗ ಎಳೆದು ಹೇಳಿದಳು:

"ಏಳು ದಿಕ್ಕು ಹೇಳೀನಿ, ಎಂಟನೇದಕ್ಕ ನಾಚಿಕಿ ಯಾಕಪ್ಪ,
ಉತ್ತರಕ್ಕ ಕುಂತಾರ ನೋಡ್ರಿ ನಮ್ಮನಿಯವರು ಕುಬೇರಪ್ಪ."

ಮೊದಲು ತಿಳಿದದ್ದು ಹುಡುಗಿಯರಿಗೆ. ಅಕ್ಕನ ಮದುವೆ, ಅತ್ತಿಗೆಯ ಸೀಮಂತ ನೋಡಿದವರು ಅವರು. ಮುಂದಿನ ಎರಡು ಬೆಂಚು ಹೋ ಎಂದು ಎದ್ದವು, ಆಯೇಶಾ ಕೈ ಕೆಂಪಾಗುವಂತೆ ಚಪ್ಪಾಳೆ ತಟ್ಟಿದಳು. ಹಿಂದಿನ ಬೆಂಚಿಗೆ ತಿಳಿಯುವುದಕ್ಕೆ ಇನ್ನಷ್ಟು ಹೊತ್ತು ಹತ್ತಿತು, ತಿಳಿದ ಮೇಲೆ ತಾರೀಖ ತಲೆ ಕೆರೆದುಕೊಂಡು, "ಆಂಟೀ, ಇನ್ನೊಂದ ಹೇಳ್ರಿ" ಎಂದ. ಇದೂ ನಗುವೇ, ಹೋದ ವಾರದಂತೆ ಬೆಂಚು ಬಡಿದ ನಗುವೇ. ಆದರೆ ಈ ಸಲ ಅದರ ನಡುವೆ ನಿಂತು ಅಮೃತವ್ವನೂ ನಗುತ್ತಿದ್ದಳು. ಹೆಸರು ಬಾಯಲ್ಲಿ ಇನ್ನೂ ಬಿಸಿಯಾಗಿತ್ತು, ಹಂಚಿನಿಂದ ಇಳಿದ ರೊಟ್ಟಿಯ ಚೂರು ನಾಲಿಗೆಗೆ ತಾಗಿದ ಹಾಗೆ.

ಹೊನ್ನೇಶ ಸರ್ ಚಾಕ್ ಹಿಡಿದು ನಿಂತೇ ಇದ್ದರು. "ಅಂದ್ರ ಹೋದ ವಾರ ನೀವು ನಮ್ಮನ್ಯಾಗ ಅದಾರ್ರಿ ಅಂದದ್ದು..."

"ಖರೇನ ಅಂದಿದ್ದೆ ಸರ್. ನೀವ ಕರ್ಕೊಂಡ ಬರ್ರಿ ಅಂದ್ರಿ. ಕರ್ಕೊಂಡ ಬಂದೀನ್ರಿ."

ಸರ್ ಕೆಳಗೆ ನೋಡಿದರು, ಕಿವಿ ಕೆಂಪಾಗಿತ್ತು. "ನನಗ ಹೇಳಿದ್ರ ಆಗತಿತ್ತಲ್ರಿ. ಬಿಟ್ಟಬಿಡತಿದ್ದೆ."

"ಅದಕ್ಕ ಹೇಳಲಿಲ್ರಿ."

"ಮಾರ್ಕ್ಸ್ ಪೂರ್ತಿ ಕೊಡತೀನಿ," ಎಂದು ಸರ್ ಉತ್ತರದ ಮನೆಯಲ್ಲಿ ಕುಬೇರ ಎಂದು ಬರೆದರು. "ಪರೀಕ್ಷಾದಾಗ ಮಾತ್ರ ಹಿಂಗ ಬರೀರಿ. ಅಪ್ಪ ಬ್ಯಾಡ."

"ಅಪ್ಪ ತಗದ್ರ ಹೆಂಗ್ರಿ ಸರ್? ಇಪ್ಪತ್ತಾರ ವರ್ಷಕ್ಕ ಒಮ್ಮೆ ಹೆಸರ ತಗೊಂಡೀನಿ, ಅದನ್ನೂ ಅರ್ಧಾ ತಗೊಳ್ಳಂದ್ರ?"

ಕ್ಲಾಸು ಮತ್ತೆ ಎದ್ದಿತು. ಸರ್ ಅವಳನ್ನೊಮ್ಮೆ, ಬೋರ್ಡನ್ನೊಮ್ಮೆ ನೋಡಿ, ಯಾರಿಗೂ ಕಾಣಬಾರದು ಎಂಬಂತೆ ಬಾಗಿ, ಬರೆದದ್ದರ ಮುಂದೆ ಇನ್ನೊಂದು ಅಕ್ಷರ ಸೇರಿಸಿದರು. ಕುಬೇರಪ್ಪ ಶಿವನ ತಲೆಯ ಮೇಲಿನ ಮನೆಯಲ್ಲಿ ಆರಾಮಾಗಿ ಕುಂತ.

ಮಧ್ಯಾಹ್ನದ ರೋಡು ಆಟೋ, ಟೆಂಪೋಗಳಿಂದ ತುಂಬಿತ್ತು. ಆಚೆ ಬದಿಗೆ ಕಬ್ಬಿನಹಾಲಿನ ಗಾಡಿ, ಅದರ ಪಕ್ಕ ಸ್ಕೂಟರ್, ಸ್ಕೂಟರಿಗೆ ಒರಗಿ ಕುಬೇರಪ್ಪ. ಅವನು ಬೆನ್ನು ಮಾಡಿ ನಿಂತು, ಗಾಣದ ಹಲ್ಲಿಗೆ ಕಬ್ಬು ಸಿಕ್ಕು ಜಜ್ಜುವುದನ್ನು ಮೊದಲ ಸಲ ನೋಡುವವನಂತೆ ನೋಡುತ್ತಿದ್ದ. ಎಡಭುಜ ತಗ್ಗು, ಬಲಭುಜ ಎತ್ತರ. ಆರೋಗ್ಯದಿಂದಿದ್ದ. ಹೆಸರು ಹೇಳಿ ಒಂದು ತಾಸಿನ ಮೇಲಾಗಿತ್ತು, ಏನೂ ಆಗಿರಲಿಲ್ಲ. ಅಮೃತವ್ವ ರೂಢಿಯಂತೆ ಏನ್ರೀ ಎಂದಳು. ಪಂಚರ್ ಅಂಗಡಿಯವನು ತಿರುಗಿದ, ಬಾಳೆಹಣ್ಣಿನ ತಳ್ಳುಗಾಡಿಯವನು ಓ ಅಂದ, ಒಬ್ಬ ಹೆಲ್ಮೆಟ್ಟಿನವನು ಬ್ರೇಕ್ ಹಾಕಿ ನಿಂತೇಬಿಟ್ಟ. ತಿರುಗಬೇಕಾದವನು ತಿರುಗಲಿಲ್ಲ. ಇಲ್ಲಿ ಒಡಪಿಲ್ಲ, ಪ್ರಾಸವಿಲ್ಲ, ಮಾರ್ಕ್ಸೂ ಇಲ್ಲ. ಅವಳು ಚೀಲವನ್ನು ಹೆಗಲಿಗೇರಿಸಿ, ಎರಡೂ ಕೈ ಬಾಯಿಗೆ ಹಚ್ಚಿ, ಟೆಂಪೋದ ಹಾರ್ನಿನ ಮೇಲೆ ಏರುವಂತೆ ಕೂಗಿದಳು.

"ಕುಬೇರಪ್ಪಾ..." ಎಂದು, ಬಾಯಿಂದ ಹೋದದ್ದು ಬರೀ ಹೆಸರಾದದ್ದಕ್ಕೆ ಹೆದರಿ, ಹಿಂದೆಯೇ ಅವಸರದಿಂದ "...ನವರ" ಎಂದು ಸೇರಿಸಿದಳು.

ಕುಬೇರಪ್ಪ ಥಟ್ಟನೆ ತಿರುಗಿದ. ಬಲಕ್ಕೆ ನೋಡಿದ, ಎಡಕ್ಕೆ ನೋಡಿದ, ಪಂಚರ್ ಅಂಗಡಿ ನೋಡಿದ, ಕಾಲೇಜಿನ ಗೇಟಿನಲ್ಲಿ ನಿಂತ ಹುಡುಗಿಯರ ಗುಂಪು ನೋಡಿದ, ಮೇಲೆ ಮಾಳಿಗೆಯ ಕಿಟಕಿ ಕೂಡ ನೋಡಿದ. ಎಲ್ಲ ದಿಕ್ಕೂ ತಿರುಗಿ ಮುಗಿದ ಮೇಲೆ ಎದುರಿಗೆ ರೋಡು ದಾಟಿ ಬರುತ್ತಿದ್ದ ಹೆಂಡತಿ ಕಂಡಳು.

"ಯಾರೋ ನನ್ನ ಹೆಸರ ಹಿಡದ ಕರದ್ರು," ಎಂದ.

"ಹೌದ್ರೇನ?"

"ಹೆಂಗಸಿನ ದನಿ. ಭಾಳ ಮರ್ಯಾದಿಯಿಂದ ಕರದ್ಲು. ನಿಮ್ಮ ಕಾಲೇಜಿನ ಮೇಡಂ ಗೀಡಂ ಇರಬೇಕೇನ?"

"ಇರಬೇಕ್ರಿ," ಎಂದು ಅಮೃತವ್ವ ಹಿಂದೆ ಕುಂತು, ತಗ್ಗಿನ ಭುಜದ ಮೇಲೆ ಕೈಯಿಟ್ಟಳು. "ನಾಳೆ ಕೇಳತೀನಿ. ನಾಳೇನೂ ಕಾಲೇಜ ಐತಿ."

ಸ್ಕೂಟರ್ ಬೆಟಗೇರಿಯ ಕಡೆ ಹೊರಳಿತು. ರೇಲ್ವೆ ಗೇಟಿನ ತನಕ ಕುಬೇರಪ್ಪ ಆ ದನಿ ಯಾರದು ಎಂದು ಹಿಂದೆ ಹಿಂದೆ ನೋಡುತ್ತಲೇ ಇದ್ದ. ಪ್ರತಿ ಸಲ ಅವಳು, ಮುಂದೆ ನೋಡಿ ಹೊಡೀರಿ, ಅನ್ನುತ್ತಿದ್ದಳು.